ಮೂಗಿನ ಡ್ರಾಪ್ಸ್: ಮೂರು ದಿನದ ಔಷಧಿ, ಮೂರು ತಿಂಗಳಿಗಲ್ಲ



ದೀಪಾವಳಿ ಕಳೆಯಿತೆಂದರೆ ದೆಹಲಿ, ನೋಯ್ಡಾ, ಗುರುಗ್ರಾಮದ ನಮ್ಮ ಮನೆಗಳಲ್ಲಿ ಮೂಗು ಕಟ್ಟುವ ಕಾಲ ಶುರು. ಊರಿನಿಂದ ಬಂದ ಅಪ್ಪ ಅಮ್ಮನಿಗಂತೂ ರಾತ್ರಿ ನಿದ್ದೆಯೇ ಇಲ್ಲ. ಕೆಮಿಸ್ಟ್ ಅಂಗಡಿಯಿಂದ ಡ್ರಾಪ್ಸ್ ತಂದು ಎರಡು ಹನಿ ಹಾಕಿದರೆ ಐದೇ ನಿಮಿಷದಲ್ಲಿ ಮೂಗು ಬಿಡುತ್ತದೆ.

ಹೃದಯದ ಡಾಕ್ಟರಿಗೆ ಮೂಗಿನ ವಿಚಾರ ಯಾಕೆ ಎಂದು ನೀವು ಕೇಳಬಹುದು. ಬಿ.ಪಿ. ಏರಿದೆ, ಎದೆ ಹೊಡೆದುಕೊಳ್ಳುತ್ತಿದೆ ಎಂದು ಬರುವವರು ತಾವು ನುಂಗುವ ಮಾತ್ರೆಗಳನ್ನೆಲ್ಲ ಹೇಳುತ್ತಾರೆ. ಮೂಗಿಗೆ ಹಾಕುವುದನ್ನು ಹೇಳುವುದಿಲ್ಲ. ಅದೂ ಔಷಧಿಯೇ ಎಂದು ಅವರಿಗೆ ಅನ್ನಿಸಿರುವುದಿಲ್ಲ.

*ಅದು ಮಾಡುವುದೇನು?*
ಮೂಗಿನ ಒಳಪದರದ ರಕ್ತನಾಳಗಳು ಉಬ್ಬಿದಾಗ ಮೂಗು ಕಟ್ಟುತ್ತದೆ. ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಇರುವ ಡ್ರಾಪ್ಸ್ ಮತ್ತು ಸ್ಪ್ರೇಗಳು ಆ ನಾಳಗಳನ್ನು ಬಿಗಿ ಮಾಡುತ್ತವೆ. ಅತಿಯಾಗಿ ಹಾಕಿದರೆ ಸ್ವಲ್ಪ ಭಾಗ ರಕ್ತಕ್ಕೂ ಸೇರುತ್ತದೆ. ಆಗ ಬಿ.ಪಿ. ಏರಬಹುದು, ಎದೆಬಡಿತ ಜೋರಾಗಬಹುದು, ನಿದ್ದೆ ಕೆಡಬಹುದು.

ಮೂರರಿಂದ ಐದು ದಿನ ದಾಟಿದರೆ ಇನ್ನೊಂದು ತೊಂದರೆ. ಹನಿಯ ಪ್ರಭಾವ ಇಳಿದ ಕೂಡಲೇ ನಾಳಗಳು ಮತ್ತೆ ಉಬ್ಬುತ್ತವೆ. ಮತ್ತೆ ಹನಿ, ಮತ್ತೆ ಕಟ್ಟಿದ ಮೂಗು. ಇದು ನೆಗಡಿಯಲ್ಲ, ಔಷಧಿಯೇ ತಂದ ಕಾಯಿಲೆ. ನೆಗಡಿ ವಾರ ಹತ್ತು ದಿನದಲ್ಲಿ ಹೋಗುತ್ತದೆ, ಆದರೆ ದೆಹಲಿಯ ಹೊಗೆ ಚಳಿಗಾಲ ಮುಗಿಯುವವರೆಗೂ ಇರುತ್ತದೆ. ಮೂರು ದಿನದ ಔಷಧಿಯನ್ನು ನಾವು ಮೂರು ತಿಂಗಳ ಹೊಗೆಗೆ ಬಳಸುತ್ತಿದ್ದೇವೆ.

*ಮಾತ್ರೆ ಮತ್ತು ಇನ್‌ಹೇಲರ್*
ಅನೇಕ ನೆಗಡಿ ಮಾತ್ರೆಗಳಲ್ಲಿರುವ ಫಿನೈಲೆಫ್ರಿನ್ ಬಾಯಿಂದ ತೆಗೆದುಕೊಂಡರೆ ಮೂಗು ಬಿಡಿಸುವುದಿಲ್ಲ ಎಂದು 2023ರಲ್ಲಿ ಅಮೆರಿಕದ ಎಫ್‌ಡಿಎ ಸಲಹಾ ಸಮಿತಿಯೇ ಹೇಳಿದೆ. ಅದೇ ವರ್ಷ ನಮ್ಮ ಔಷಧ ನಿಯಂತ್ರಕರು, ಕ್ಲೋರ್‌ಫೆನಿರಮೈನ್ ಜೊತೆ ಫಿನೈಲೆಫ್ರಿನ್ ಸೇರಿದ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ ಮೇಲೆ ಬರೆಯಲು ಸೂಚಿಸಿದರು.

ನಮ್ಮಲ್ಲಿ ಸಿಗುವ ವಿಕ್ಸ್ ಇನ್‌ಹೇಲರ್‌ನಲ್ಲಿ ಮುಖ್ಯವಾಗಿ ಮೆಂಥಾಲ್, ಕರ್ಪೂರ ಇರುತ್ತವೆ. ತಣ್ಣಗೆ ಅನ್ನಿಸಿ ಉಸಿರು ಸರಾಗವಾದಂತೆ ತೋರುತ್ತದೆ, ಅಷ್ಟೇ. ಆದರೆ ವಿದೇಶದಿಂದ ತಂದದ್ದನ್ನು ಓದಿ ನೋಡಿ ಬಳಸಿ. 2002ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಅಲೈನ್ ಬ್ಯಾಕ್ಸ್ಟರ್ ಅಮೆರಿಕದ ವಿಕ್ಸ್ ಇನ್‌ಹೇಲರ್ ಬಳಸಿ ಕಂಚಿನ ಪದಕವನ್ನೇ ಕಳೆದುಕೊಂಡರು. ಹೆಸರು ಒಂದೇ, ಒಳಗಿನ ಔಷಧಿ ಬೇರೆಯಾಗಿತ್ತು.

*ಮನೆಯಲ್ಲಿ ಪಾಲಿಸಿ*
1. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. ಮೂರು ದಿನವಾದ ಮೇಲೆ ನಿಲ್ಲಿಸಿ.
2. ಬಿ.ಪಿ., ಹೃದಯದ ಕಾಯಿಲೆ, ಥೈರಾಯ್ಡ್, ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹಾಕಬೇಡಿ.
3. ದೊಡ್ಡವರ ಡ್ರಾಪ್ಸ್ ಮಕ್ಕಳಿಗೆ ಬೇಡ. ಪುಟ್ಟ ಮಗು 1-2 ಮಿ.ಲೀ. ನುಂಗಿದರೂ ಅಪಾಯ. ಕೈಗೆ ಸಿಗದಂತೆ ಇಡಿ, ನುಂಗಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.
4. ದಿನವೂ ಬೇಕೆನಿಸಿದರೆ ಸಲೈನ್ ಡ್ರಾಪ್ಸ್ ಸಾಕು. ಅದು ಬರೀ ಉಪ್ಪುನೀರು. ಹೊರಗೆ ಹೋಗುವಾಗ ಎನ್-95 ಮಾಸ್ಕ್ ಇರಲಿ.
5. ಈಗಾಗಲೇ ಅಭ್ಯಾಸವಾಗಿದ್ದರೆ ಇ.ಎನ್.ಟಿ. ವೈದ್ಯರನ್ನು ಕಾಣಿ. ಬಿಡಿಸಲು ದಾರಿಗಳಿವೆ.
6. ಎದೆನೋವು, ತಲೆಸುತ್ತು, ವಿಪರೀತ ಎದೆಬಡಿತ ಬಂದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ನನ್ನ ಅಭಿಪ್ರಾಯವಿಷ್ಟು: ಬಾಟಲಿ ಕೊಡುವಾಗ "ಮೂರೇ ದಿನ" ಎಂದು ಕೆಮಿಸ್ಟ್ ಬಾಯಿಬಿಟ್ಟು ಹೇಳುವ ನಿಯಮ ಬರಬೇಕು. ಬಂದರೂ ಅವರು ಹೇಳುವುದು ಹಿಂದಿಯಲ್ಲಿ, ಚೀಟಿಯಲ್ಲಿರುವುದು ಸಣ್ಣಕ್ಷರದ ಇಂಗ್ಲಿಷ್. ಊರಿನಿಂದ ಬಂದ ಅಮ್ಮನಿಗೆ ಎರಡೂ ತಿಳಿಯದು. ಅದನ್ನು ಕನ್ನಡದಲ್ಲಿ ಹೇಳಬೇಕಾದವರು ಮನೆಯ ಮಕ್ಕಳಾದ ನಾವೇ. ಇವತ್ತು ರಾತ್ರಿ ಅವರ ದಿಂಬಿನ ಪಕ್ಕ ಯಾವ ಬಾಟಲಿ ಇದೆ, ಎಷ್ಟು ದಿನದಿಂದ ಇದೆ, ಒಮ್ಮೆ ನೋಡಿ. ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಮಾತ್ರೆಗಳ ಜೊತೆ ಅದನ್ನೂ ತೆಗೆದುಕೊಂಡು ಹೋಗಿ.