ಮುರಿದು ಬಂದ ಗಾಳದ ಕೋಲು

ಹೊಳೆಯ ದಂಡೆಯಲ್ಲಿ ಹುಟ್ಟಿ ಬೆಳೆದವನಿಗೆ ನೀರಿನ ಅಂಜಿಕೆಯಿಲ್ಲ. ಆದರೆ ಕೊರಿಯರಿನ ಅಂಜಿಕೆ ಅವನಿಗೂ ಉಂಟೆಂಬುದನ್ನು ನಾನು ಒಂದು ಮಳೆಗಾಲದಲ್ಲಿ ಕಂಡುಕೊಂಡೆ.

ಆಲಮಟ್ಟಿಯ ಹಿನ್ನೀರಿನ ಬದಿಯ ಒಂದು ಹಳ್ಳಿ. ಅಲ್ಲಿಯ ಅಂಬಿಗರ ಹಿರಿಯರೊಬ್ಬರು ನನಗೆ ಬಹುಕಾಲದ ಪರಿಚಿತರು. ಅವರ ಮಗ ಬೆಂಗಳೂರಿನಲ್ಲಿ ದುಡಿಯುತ್ತಾನೆ. ಮಹಾಬಳೇಶ್ವರದ ಕಡೆ ಮಳೆ ಹಿಡಿದು ಕೃಷ್ಣೆ ಕೆಂಪಾಗಿ ಏರತೊಡಗಿದಾಗ, ತಂದೆಗೆ ಅನುಕೂಲವಾಗಲೆಂದು ಆತ ಸಣ್ಣೆಳೆಯ ನೈಲಾನ್ ಬಲೆಯನ್ನೂ ಫೈಬರ್ ಗ್ಲಾಸಿನ ಗಾಳದ ಕೋಲನ್ನೂ ಕೊಂಡು, ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಕಳಿಸಿದ. ಪೆಟ್ಟಿಗೆ ಒಂಬತ್ತನೆಯ ದಿನ ಬಂದಿತು. ಕೋಲಿನ ತುದಿ ಮುರಿದಿತ್ತು. ರೀಲಿನ ಹಿಡಿಕೆ ಬಲೆಯೊಳಗೆ ಸಿಕ್ಕಿಕೊಂಡು ಹತ್ತಾರು ಕಣ್ಣುಗಳನ್ನು ಹರಿದಿತ್ತು. ನಾನು ಹೋದಾಗ ಹಿರಿಯರು ಬಲೆಯನ್ನು ಅಂಗಳದಲ್ಲಿ ಹರವಿಕೊಂಡು ಕುಳಿತಿದ್ದರು.

"ಬಲಿ ಬಂದೈತಿ ಖರೆ ರೀ, ಆದ್ರ ನೀರಿಗಿ ಇಳಿಸಾಕ ಬರೂದಿಲ್ಲ. ಹುಡುಗ ಎರಡ ತಿಂಗಳ ಕೂಡಿಟ್ಟ ರೊಕ್ಕರಿ ಇದು" ಎಂದರು.

ಅವರ ದನಿಯಲ್ಲಿ ಕೋಪವಿರಲಿಲ್ಲ. ಮಗನಿಗೆ ಈ ಸುದ್ದಿಯನ್ನು ಹೇಗೆ ತಿಳಿಸಬೇಕೆಂಬ ಸಂಕೋಚವಿತ್ತು. ಕಳಿಸಿದ ಕಚೇರಿಗೆ ದೂರು ಹೋಯಿತು. ರಸೀದಿಯಲ್ಲಿ ಮಾಲಿನ ಬೆಲೆಯ ಸ್ಥಳ ಖಾಲಿಯಿದೆ, ಹಿಂಬದಿಯ ಷರತ್ತಿನಂತೆ ಸಾಗಣೆಯ ಹಣವನ್ನು ಮಾತ್ರ ಮರಳಿಸಬಹುದು ಎಂಬ ಉತ್ತರ ಬಂದಿತು. ಆ ಹಿಂಬದಿಯ ಅಕ್ಷರಗಳನ್ನು ಓದಲು ನನಗೆ ಕನ್ನಡಕದ ಮೇಲೆ ಭೂತಗನ್ನಡಿಯೂ ಬೇಕಾಯಿತು.

ವಾಚಕರಲ್ಲಿ ಕೆಲವರು, ಬಿಜಾಪುರದ ಬಿಸಿಲಿಗೂ ಮೀನಿಗೂ ಏನು ಸಂಬಂಧವೆಂದು ಕೇಳಿಯಾರು. ಬರಗಾಲಕ್ಕೆ ಹೆಸರಾದ ಈ ಸೀಮೆಯನ್ನು ಎರಡು ದೊಡ್ಡ ಹೊಳೆಗಳು ಅಪ್ಪಿಕೊಂಡಿವೆ. ಉತ್ತರಕ್ಕೆ ಇಂಡಿ, ಸಿಂದಗಿಗಳ ಅಂಚಿನಲ್ಲಿ ಭೀಮೆ. ದಕ್ಷಿಣಕ್ಕೆ ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಸೀಮೆಯಲ್ಲಿ ಕೃಷ್ಣೆ. 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಕೃಷ್ಣಾ ಮೇಲ್ದಂಡೆ ಯೋಜನೆಯ ಫಲವಾಗಿ ಆಲಮಟ್ಟಿ, ನಾರಾಯಣಪುರಗಳಲ್ಲಿ ಸಮುದ್ರದಂಥ ಜಲರಾಶಿ ನಿಂತಿತು. ಆಲಮಟ್ಟಿಯೊಂದರಲ್ಲೇ 519.6 ಮೀಟರ್ ಮಟ್ಟಕ್ಕೆ ಸುಮಾರು 123 ಟಿ.ಎಂ.ಸಿ. ನೀರು. ಹೊಲ ಮುಳುಗಿದವರ ದುಃಖ ಆ ನೀರಿನಡಿಯಲ್ಲಿದೆ. ಬಲೆ ಬೀಸುವವರ ಅನ್ನ ಅದರ ಮೇಲಿದೆ. ಕಾಟ್ಲಾ, ರೋಹು, ಮೃಗಾಲಗಳನ್ನು ಹಿಡಿದು ಬದುಕುವ ಸಂಸಾರಗಳು ಈ ದಂಡೆಗಳಲ್ಲಿ ಅನೇಕ.

ಹಿಂದೆ ಅಂಬಿಗನಿಗೆ ಪಾರ್ಸಲಿನ ಗೊಡವೆಯೇ ಇರಲಿಲ್ಲ. ಹತ್ತಿಯ ಅಥವಾ ಸೆಣಬಿನ ನೂಲಿನಿಂದ ಮನೆಯಲ್ಲಿಯೇ ಬಲೆ ಹೆಣೆದು, ಕೊಳೆಯದಂತೆ ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸುತ್ತಿದ್ದ. ನೈಲಾನ್ ಬಂದಮೇಲೆ ಬಲೆ ಹಗುರವಾಯಿತು, ನೀರಿನಲ್ಲಿ ಕೊಳೆಯದಾಯಿತು. ಆದರೆ ಅದು ದೂರದ ಕಾರ್ಖಾನೆಯ ಸರಕಾಯಿತು. ದೂರದ ಸರಕು ದೂರದಿಂದಲೇ ಬರಬೇಕಷ್ಟೆ. ಬೆಂಗಳೂರಿನಲ್ಲಿ ಏರಿದ ಗಂಟು ವಿಜಯಪುರವನ್ನು ಮುಟ್ಟಿ, ಅಲ್ಲಿಂದ ತಾಲ್ಲೂಕು ಕೇಂದ್ರಕ್ಕೆ ಬಂದು, ಕೊನೆಗೆ ಒಂದು ಮೋಟಾರ್ ಸೈಕಲ್ಲಿನ ಹಿಂಬದಿಯಲ್ಲಿ ಹಳ್ಳಿ ಸೇರುವುದರೊಳಗೆ ಎಷ್ಟು ಕೈಗಳು ಬದಲಾಗುತ್ತವೆ! ಕೈ ಬದಲಾದಂತೆಲ್ಲ ಎಸೆತವೊಂದು, ಮೇಲೆ ಹೇರಿದ ಭಾರವೊಂದು. 'ಜೋಕೆ, ಒಡೆಯುವ ವಸ್ತು' ಎಂಬ ಚೀಟಿಯನ್ನು ಕತ್ತಲ ಲಾರಿಯೊಳಗೆ ಓದುವವರು ಯಾರು?

ಮೀನುಗಾರಿಕೆಯ ಸಾಮಾನಿನ ದೊಡ್ಡ ಅಪಾಯವೆಂದರೆ ಪೆಟ್ಟು ಬಿದ್ದದ್ದು ಹೊರಗೆ ಕಾಣದಿರುವುದು. ಮಡಕೆ ಒಡೆದರೆ ಚೂರಾಗಿ ಕಾಣುತ್ತದೆ. ಫೈಬರಿನ ಕೋಲಿಗೆ ಬಿರುಕು ಬಿದ್ದರೆ ಕೆಲವೊಮ್ಮೆ ಬೆಳ್ಳಗಿನ ಗೀರೊಂದು ಕಂಡೀತು, ಇಲ್ಲವಾದರೆ ಅದೂ ಇಲ್ಲ. ಭಾರದ ಮೀನು ಜಗ್ಗಿದ ಗಳಿಗೆಯಲ್ಲಿ ಅದು ಪಟ್ಟನೆ ಮುರಿಯುತ್ತದೆ. ಸಣ್ಣೆಳೆಯ ಬಲೆ ಹರಿತವಾದುದಕ್ಕೆ ಉಜ್ಜಿದರೆ ಎಳೆ ಸವೆಯುತ್ತದೆ. ಬಿಸಿಲಿನಲ್ಲಿ ಬಹಳ ದಿನ ಬಿದ್ದಿದ್ದರೆ ನೈಲಾನಿನ ಕಸುವು ಕುಂದುತ್ತದೆ. ಅಂಥ ಬಲೆ ನೋಡಲು ಹೊಸದು, ಹಿಡಿಯಲು ಹಳೆಯದು. ಇನ್ನು ಲಾರಿಯಲ್ಲಿ ಬರುವ ಫೈಬರಿನ ಹರಿಗೋಲಿನ ತಳದಲ್ಲಿ ಕೂದಲೆಳೆಯ ಬಿರುಕಿದ್ದರೆ ಹೋಗುವುದು ಹಣವೊಂದೇ ಅಲ್ಲ. ಗಾಳಿಯೆದ್ದ ಹಿನ್ನೀರಿನ ನಡುವೆ ಆ ಬಿರುಕು ಪ್ರಾಣಕ್ಕೆ ಸಂಚಕಾರ. ಹೊಸ ಹರಿಗೋಲನ್ನು ದಂಡೆಯ ಬಳಿ ಮೊಣಕಾಲುದ್ದದ ನೀರಿನಲ್ಲಿ ಒಂದು ಹಗಲು ತೇಲಿಸಿ ನೋಡದೆ ಆಳಕ್ಕೆ ಒಯ್ಯಕೂಡದು.

ಹಾಗಾದರೆ ನಷ್ಟಕ್ಕೆ ಹೊಣೆ ಯಾರು? 1865ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ 2007ರ ರಸ್ತೆ ಸಾಗಣೆ ಕಾಯಿದೆ, ಮನೆಯಿಂದ ಮನೆಗೆ ಮುಟ್ಟಿಸುವ ಕೊರಿಯರ್ ಸಂಸ್ಥೆಗಳನ್ನೂ ಸಾಗಣೆದಾರರೆಂದೇ ಎಣಿಸುತ್ತದೆ. ಆದರೆ 2011ರ ನಿಯಮಗಳ ಪ್ರಕಾರ ಅವರ ಹೊಣೆ ಸಾಮಾನ್ಯವಾಗಿ ಸಾಗಣೆ ದರದ ಹತ್ತುಪಟ್ಟಿಗೆ ಸೀಮಿತ. ಅದೂ ನಾವು ಬರೆದುಕೊಟ್ಟ ಬೆಲೆಯನ್ನು ಮೀರುವಂತಿಲ್ಲ. 6,000 ರೂಪಾಯಿಯ ಬಲೆಯನ್ನು 150 ರೂಪಾಯಿ ತೆತ್ತು ಕಳಿಸಿದರೆ, ಅದು ಪೂರ್ತಿ ಹಾಳಾದರೂ ಹೊಣೆ 1,500 ರೂಪಾಯಿ ಮಾತ್ರ. ಅದಕ್ಕಿಂತ ಹೆಚ್ಚಿನ ಹೊಣೆ ಬೇಕಾದರೆ ಮೊದಲೇ ಬೆಲೆ ಸಾರಿ, ಹೆಚ್ಚಿನ ದರ ಕೊಟ್ಟು, ಬರಹದಲ್ಲಿ ಒಪ್ಪಿಸಿಕೊಳ್ಳಬೇಕು. ದಾವೆ ಹೂಡುವ ಇಚ್ಛೆಯಿದ್ದರೆ ಗಂಟು ಒಪ್ಪಿಸಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ಕೊಡುವುದು ಅವಶ್ಯ.

ರಸೀದಿಯ ಹಿಂಬದಿಯನ್ನು ಓದಲಿಲ್ಲವೆಂಬ ನೆವವೂ ಸುಲಭವಾಗಿ ನಡೆಯದು. ಭಾರತಿ ನಿಟಿಂಗ್ ಕಂಪನಿಯ ಮೊಕದ್ದಮೆಯಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು, ಕಳಿಸಿದವರು ರುಜು ಹಾಕಿದ ಷರತ್ತು ಅವರನ್ನು ಕಟ್ಟಿಹಾಕುತ್ತದೆಂದು ಹೇಳಿತು. ನಷ್ಟ ದೊಡ್ಡದಿದ್ದರೂ ದೊರೆತದ್ದು ಕಾಗದದಲ್ಲಿ ಅಚ್ಚಾಗಿದ್ದ 100 ಡಾಲರಿನ ಮಿತಿಯಷ್ಟೆ. ಅಂಚೆಯಾದರೋ ಸರ್ಕಾರದ್ದು, 1898ರ ಕಾಯಿದೆಯಂತೆಯೇ, 2024ರ ಜೂನ್ 18ರಿಂದ ಜಾರಿಗೆ ಬಂದ ಹೊಸ ಅಂಚೆ ಕಾಯಿದೆಯೂ, ನಿಯಮದಲ್ಲಿ ಹೇಳಿದಷ್ಟರ ಹೊರತು ಅದನ್ನು ಹೊಣೆಯಿಂದ ಬಿಡಿಸಿದೆ. ಆದ್ದರಿಂದ ವಿಮೆಯ ಸೌಲಭ್ಯವೇನಿದೆಯೆಂದು ಕಟಕಟೆಯಲ್ಲಿಯೇ ಕೇಳಿ ತಿಳಿಯುವುದು ಲೇಸು. ಸ್ವಂತ ಉಪಯೋಗಕ್ಕೆ ಕಳಿಸಿದ ಸಾಮಾನಿನ ವಿಷಯದಲ್ಲಿ ಗ್ರಾಹಕರ ಆಯೋಗದ ಬಾಗಿಲೂ ಉಂಟು. 2019ರ ಕಾಯಿದೆಯಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ, ಎರಡು ವರ್ಷದೊಳಗೆ, ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. 5 ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಮೊದಲ ಸಲಹೆಗೆ 1915 ಎಂಬ ದೂರವಾಣಿಯೂ ಇದೆ.

ಆದರೆ ಕೋರ್ಟಿನಲ್ಲಿ ಗೆದ್ದ ಹಣದಿಂದ ಕಳೆದ ಮಳೆಗಾಲದ ಮೀನು ಹಿಡಿಯಲಾಗದು. ಗಂಟು ಕಟ್ಟುವಾಗಲೇ ಎಚ್ಚರವಹಿಸುವುದು ಮೇಲು. ಈ ವಿಷಯದಲ್ಲಿ ನಮ್ಮ ಜಿಲ್ಲೆಯ ರೈತನೇ ಗುರು. ದ್ರಾಕ್ಷಿಯ ಗೊಂಚಲನ್ನು ದೂರದ ಪೇಟೆಗೆ ಕಳಿಸುವವನು ಅದನ್ನು ಪೆಟ್ಟಿಗೆಯಲ್ಲಿ ಅಲುಗಾಡದಂತೆ ಕೂಡಿಸುತ್ತಾನೆ. ಇಂಡಿಯ ನಿಂಬೆಹಣ್ಣಿನಂತೆ ಚೀಲಕ್ಕೆ ಸುರಿಯುವುದಿಲ್ಲ. ಗಾಳದ ಕೋಲು ದ್ರಾಕ್ಷಿಯ ಜಾತಿಗೆ ಸೇರಿದ್ದು.

ಅದಕ್ಕೆ ರಟ್ಟಿನ ಪೆಟ್ಟಿಗೆ ಸಾಲದು. ತೋಟಕ್ಕೆ ನೀರು ಹಾಯಿಸುವ ಪಿ.ವಿ.ಸಿ. ಕೊಳವೆಯ ತುಂಡೊಂದನ್ನು ಕೋಲಿಗಿಂತ ಗೇಣುದ್ದ ಹೆಚ್ಚಾಗಿ ಕತ್ತರಿಸಿಕೊಳ್ಳಿ. ಕೋಲಿನ ಭಾಗಗಳನ್ನು ಬಿಡಿಸಿ, ತೆಳುವಾದ ತುದಿಯನ್ನು ದಪ್ಪ ಭಾಗಕ್ಕೆ ಬಟ್ಟೆಯೊಡನೆ ಸುತ್ತಿ ಕಟ್ಟಿ, ಕೊಳವೆಯ ಎರಡು ಕೊನೆಗಳಲ್ಲಿಯೂ ಹಳೆಯ ಬಟ್ಟೆ ತುರುಕಿ ಮುಚ್ಚಳ ಹಾಕಿ. ಅಲ್ಲಾಡಿಸಿದರೆ ಒಳಗೆ ಸದ್ದಾಗಕೂಡದು. ರೀಲಿನ ಹಿಡಿಕೆಯನ್ನು ಕಳಚಿ ಬೇರೆ ಪೆಟ್ಟಿಗೆಯಲ್ಲಿಡಿ. ಗಾಳಗಳನ್ನು ಡಬ್ಬಿಯಲ್ಲಿ ಹಾಕಿ. ಬಲೆ ಬಟ್ಟೆಯ ಚೀಲದಲ್ಲಿ ಒಂಟಿಯಾಗಿಯೇ ಹೋಗಲಿ; ಸೀಸದ ಗುಂಡುಗಳಿದ್ದರೆ ನಡುವೆ ಬಟ್ಟೆ ಹಾಸಿರಿ, ಸ್ಟೇಪಲ್ ಪಿನ್ನನ್ನು ಹತ್ತಿರ ಸೇರಿಸಬೇಡಿ. ಕಟ್ಟುವ ಮುನ್ನ ಭಾವಚಿತ್ರ ತೆಗೆದಿಡಿ, ಅಂಗಡಿಯ ಬಿಲ್ಲಿನ ಬೆಲೆಯನ್ನೇ ರಸೀದಿಯಲ್ಲಿ ಬರೆಯಿಸಿರಿ. ಪಡೆಯುವವರು ಪೆಟ್ಟಿಗೆ ಜಜ್ಜಿದ್ದರೆ ರುಜುವಿನ ಪಕ್ಕದಲ್ಲಿಯೇ ಹಾಗೆಂದು ಬರೆದು, ಬಿಚ್ಚುವಾಗಲೂ ಚಿತ್ರ ತೆಗೆಯಲಿ.

ಉದ್ದನೆಯ ಗಂಟಿಗೆ ದರ ಹೆಚ್ಚೆಂಬುದನ್ನೂ ತಿಳಿದಿರಬೇಕು. ಉದ್ದ, ಅಗಲ, ಎತ್ತರಗಳ ಸೆಂಟಿಮೀಟರುಗಳನ್ನು ಗುಣಿಸಿ 5,000ದಿಂದ ಭಾಗಿಸಿ ತೂಕ ಲೆಕ್ಕ ಹಾಕುವ ಪದ್ಧತಿ ಅನೇಕ ಕಡೆ ಉಂಟು. 120 ಸೆಂಟಿಮೀಟರ್ ಉದ್ದ, 10 ಅಗಲ, 10 ಎತ್ತರದ ಕೊಳವೆ, ತಕ್ಕಡಿಯಲ್ಲಿ ಎಷ್ಟೇ ತೂಗಲಿ, ಲೆಕ್ಕದಲ್ಲಿ 2.4 ಕಿಲೋ ಆಗುತ್ತದೆ. ಪರಿಚಿತರು ಊರಿಗೆ ಹೊರಟಿದ್ದರೆ ಅವರ ಕೈಯಲ್ಲಿ ಕೊಡುವುದು ಇಂದಿಗೂ ಉತ್ತಮ ಮಾರ್ಗ.

ನಮ್ಮ ಹಿರಿಯರ ಬಲೆಯ ಕಥೆ ಹೀಗೆ ಮುಗಿಯಿತು: ಹರಿದ ಕಣ್ಣುಗಳನ್ನು ಅವರೇ ನಾಲ್ಕು ರಾತ್ರಿ ಕುಳಿತು ಹೆಣೆದರು. ಕೋಲು ಮೂಲೆ ಸೇರಿತು. ಮಗ ಫೋನು ಮಾಡಿ ಕೇಳಿದಾಗ, "ಚಲೋ ಐತಿ, ತಮ್ಮಾ" ಎಂದರಂತೆ. ಸಾಗಣೆಯವರ ಲೆಕ್ಕದಲ್ಲಿ ಈ ಸುಳ್ಳಿನ ಬೆಲೆಗೆ ಯಾವ ಕಲಮೂ ಇಲ್ಲ. ಊರಿಗೆ ಸಾಮಾನು ಕಳಿಸುವ ಮಕ್ಕಳು ಗಂಟು ಕಟ್ಟುವಾಗ ಇನ್ನೊಂದು ಅರ್ಧ ಗಂಟೆ ಕೂಡಲಿ ಎಂಬುದೇ ನನ್ನ ಬಿನ್ನಹ.