ಮಿಠಾಯಿಯಲ್ಲಿ ಜೆಲಾಟಿನ್ ಇಲ್ಲ, ಸರಿ, ಒಳಗೆ ಏನುಂಟು?

ಉಪ್ಪಳದ ನನ್ನ ಸಣ್ಣ ಅಂಗಡಿಯಲ್ಲಿ ಖರ್ಜೂರ, ಡ್ರೈಫ್ರೂಟ್ಸ್ ಜೊತೆ ಫಾರಿನ್ ಚಾಕಲೇಟ್ ಕೂಡ ಉಂಟು. ನಮ್ಮ ಗಿರಾಕಿಗಳು ಪ್ಯಾಕೆಟ್ ಕೈಗೆತ್ತಿಕೊಂಡರೆ ಮೊದಲು ಹಿಂಬದಿ ನೋಡುತ್ತಾರೆ. ಜೆಲಾಟಿನ್ ಉಂಟಾ, ಆಲ್ಕೋಹಾಲ್ ಉಂಟಾ, ಹಲಾಲ್ ಮುದ್ರೆ ಉಂಟಾ ಅಂತ. ಒಳ್ಳೆಯ ಅಭ್ಯಾಸ.

ಕಳೆದ ತಿಂಗಳು ಪರಿಚಯದ ಹುಡುಗನೊಬ್ಬ ಮೊಬೈಲ್ ಚಾಚಿದ. ಕೆನಡಾದಲ್ಲಿ ಓದುತ್ತಿರುವ ಗೆಳೆಯ ಕಳಿಸಿದ ಫೋಟೋ. ಗಮ್ಮಿ ಮಿಠಾಯಿಯ ಪ್ಯಾಕೆಟ್, ಮೇಲೆ ‘ವೀಗನ್, ಶುಗರ್ ಫ್ರೀ, ಗ್ಲುಟೆನ್ ಫ್ರೀ’. “ಇಚ್ಚಾ, ಇದರಲ್ಲಿ ಜೆಲಾಟಿನ್ ಇಲ್ಲ. ಸೇದುವುದೂ ಅಲ್ಲ. ಎಲ್ಲ ಗಿಡದ್ದೇ. ರಜೆಗೆ ಬರುವಾಗ ಎರಡು ಪ್ಯಾಕೆಟ್ ತರಲು ಹೇಳಲಾ?” ಎಂದು ಕೇಳಿದ. ಅದು ಗಾಂಜಾ ಮಿಠಾಯಿ.

ಹುಡುಗ ಲೇಬಲ್ ಓದಿದ್ದ, ಆದರೆ ಓದಬೇಕಾದ ಸಾಲನ್ನು ಬಿಟ್ಟಿದ್ದ. ‘ವೀಗನ್’ ಅನ್ನುವ ಪದ ಮಿಠಾಯಿ ಯಾವುದರಿಂದ ಗಟ್ಟಿಯಾಯಿತು ಎಂದಷ್ಟೇ ಹೇಳುತ್ತದೆ, ಅಂದರೆ ಪ್ರಾಣಿಯ ಜೆಲಾಟಿನ್ ಬದಲು ಹಣ್ಣಿನ ಪೆಕ್ಟಿನ್. ತಿಂದವನಿಗೆ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ. ನಮ್ಮಲ್ಲಿ ಹಂದಿ ಕೊಬ್ಬು ಹೇಗೆ ಹರಾಮೋ ನಶೆಯೂ ಹಾಗೆಯೇ ಹರಾಮ್ ಎಂಬುದು ಮದ್ರಸದ ಮಕ್ಕಳಿಗೂ ಗೊತ್ತು. ಜೆಲಾಟಿನ್ ಒಂದನ್ನು ತೆಗೆದ ಮಾತ್ರಕ್ಕೆ ಮಿಠಾಯಿ ಹಲಾಲ್ ಆಗುವುದಿಲ್ಲ.

ಕೆನಡಾದಲ್ಲಿ ಗಾಂಜಾ 2018ರ ಅಕ್ಟೋಬರ್‌ನಲ್ಲಿ ಕಾನೂನುಬದ್ಧವಾಯಿತು. ತಿನ್ನುವ ರೂಪದ್ದಕ್ಕೆ ಒಂದು ವರ್ಷ ಬಿಟ್ಟು, 2019ರಲ್ಲಿ ಅನುಮತಿ ಸಿಕ್ಕಿತು. ಆದರೆ ಅಲ್ಲಿನ ಸರ್ಕಾರ ಅದನ್ನು ಸಾಮಾನ್ಯ ಮಿಠಾಯಿಯಂತೆ ಬಿಟ್ಟಿಲ್ಲ. ನಶೆ ತರುವ ಟಿಎಚ್‌ಸಿ ಎಂಬ ಅಂಶ ಒಂದು ಪ್ಯಾಕೆಟ್‌ನಲ್ಲಿ 10 ಮಿಲಿಗ್ರಾಂ ಮೀರುವಂತಿಲ್ಲ. ಹೊಸಬರು 2.5 ಮಿಲಿಗ್ರಾಂ ಮೀರಬಾರದೆಂದು ಅಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ಎಚ್ಚರಿಕೆಯ ಚಿಹ್ನೆ, ಪದಾರ್ಥಗಳ ಪಟ್ಟಿ, ಹಾಲು-ಗೋಡಂಬಿಯಂಥ ಅಲರ್ಜಿಯ ವಿವರ ಕಡ್ಡಾಯ. ಮಕ್ಕಳನ್ನು ಸೆಳೆಯುವ ಪ್ಯಾಕಿಂಗ್ ನಿಷೇಧ. ಕಾನೂನುಬದ್ಧ ಮಾಡಿದವರೇ ಇಷ್ಟು ಹೆದರಿ ಮಾರುವ ವಸ್ತು ಅದು.

ಹೆದರಲು ಕಾರಣ ಉಂಟು. ಸೇದಿದರೆ ನಶೆ ಕೆಲವೇ ನಿಮಿಷದಲ್ಲಿ ಏರುತ್ತದೆ. ತಿಂದರೆ ಹಾಗಲ್ಲ. ಹೊಟ್ಟೆಗಿಳಿದು, ಲಿವರ್ ದಾಟಿ, ಅಲ್ಲಿ ಇನ್ನೂ ಬಲವಾದ ರೂಪಕ್ಕೆ ಬದಲಾಗಿ ರಕ್ತಕ್ಕೆ ಸೇರುತ್ತದೆ. ಪರಿಣಾಮ ಶುರುವಾಗಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಆಮೇಲೆ 12 ಗಂಟೆವರೆಗೂ ಇರಬಹುದು, ಮಂಪರು ಮರುದಿನಕ್ಕೂ ಉಳಿಯಬಹುದು. ಒಂದು ತಿಂದವನು “ಏನೂ ಆಗಲಿಲ್ಲ” ಅಂತ ಇನ್ನೆರಡು ಬಾಯಿಗೆ ಹಾಕುತ್ತಾನೆ. ಮೂರೂ ಒಟ್ಟಿಗೆ ತಲೆಗೇರಿದಾಗ ಎದೆ ಹೊಡೆದುಕೊಳ್ಳುವುದು, ವಾಂತಿ, ವಿಪರೀತ ಭಯ. ಬೈಕ್ ಕೀ ಜೇಬಲ್ಲಿದ್ದರೆ ಕಥೆಯೇ ಬೇರೆ.

ಇನ್ನು ‘ಆರೋಗ್ಯಕರ’ ಎಂಬ ಮಾತು. ಶುಗರ್ ಫ್ರೀ ಎಂದರೆ ಸಕ್ಕರೆ ಕಾಯಿಲೆಯವರಿಗೆ ಸುರಕ್ಷಿತ ಎಂದರ್ಥವಲ್ಲ. ನಶೆಯಲ್ಲಿ ಹಸಿವು ಕೆರಳುತ್ತದೆ. ಶುಗರ್ ಇಳಿದು ತಲೆ ತಿರುಗಿದರೂ ಅದು ನಶೆಯದ್ದೇ ಎಂದು ಸುಮ್ಮನಿದ್ದುಬಿಡಬಹುದು. ನೋವಿಗೆ, ನಿದ್ದೆಗೆ ಅಂತ ಮಾರುವ ಸಿಬಿಡಿ ನಶೆ ಏರಿಸುವುದಿಲ್ಲ ನಿಜ, ಆದರೆ ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಮಾತ್ರೆಯ ಪ್ರಭಾವವನ್ನು ಅದು ಹೆಚ್ಚಿಸಬಲ್ಲದು. ಹೃದಯದ ಮಾತ್ರೆ ತಿನ್ನುವ ಹಿರಿಯರು ನಮ್ಮಲ್ಲಿ ಎಷ್ಟು ಮನೆಗಳಲ್ಲಿಲ್ಲ?

ಮಕ್ಕಳ ವಿಷಯ ಇದಕ್ಕಿಂತ ಗಂಭೀರ. ಅಮೆರಿಕದಲ್ಲಿ ಆರು ವರ್ಷದೊಳಗಿನ ಮಕ್ಕಳು ಇಂಥ ತಿನಿಸನ್ನು ಗೊತ್ತಿಲ್ಲದೆ ತಿಂದ ವರದಿಗಳು 2017ರಲ್ಲಿ 207 ಇದ್ದವು. 2021ಕ್ಕೆ 3,054 ಆದವು. ಹೆಚ್ಚಿನವು ನಡೆದದ್ದು ಮನೆಯೊಳಗೇ. ಮಿಠಾಯಿ ಕಂಡರೆ ಮಗು ಲೇಬಲ್ ಓದುತ್ತದಾ?

ಈಗ ಹುಡುಗನ ಕೊನೆಯ ಪ್ರಶ್ನೆ: ತರಲು ಹೇಳಲಾ? ಅಲ್ಲಿ ಅಂಗಡಿಯಲ್ಲಿ ಬಿಲ್ ಕೊಟ್ಟು ಮಾರುವ ವಸ್ತು ವಿಮಾನ ಹತ್ತಿದ ಕೂಡಲೇ ಅಪರಾಧವಾಗುತ್ತದೆ. ಪರವಾನಗಿ ಇಲ್ಲದೆ ಗಾಂಜಾವನ್ನು ದೇಶದಿಂದ ಹೊರಗೆ ಒಯ್ಯುವುದು ಕೆನಡಾದಲ್ಲೇ 14 ವರ್ಷದವರೆಗೆ ಶಿಕ್ಷೆ ಇರುವ ಅಪರಾಧ. ಥಾಯ್ಲೆಂಡ್ 2022ರಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದಾಗ ಎಲ್ಲವೂ ಫ್ರೀ ಆಯಿತು ಅಂತ ನಮ್ಮ ಹುಡುಗರು ತಿಳಿದರು. ಆದರೆ ಶೇ. 0.2ಕ್ಕಿಂತ ಹೆಚ್ಚು ಟಿಎಚ್‌ಸಿ ಇರುವ ಸಾರ ಅಲ್ಲೂ ನಿಯಂತ್ರಣದಲ್ಲೇ ಇತ್ತು. 2025ರ ಜೂನ್‌ನಲ್ಲಿ ಗಾಂಜಾ ಹೂವಿಗೂ ಡಾಕ್ಟರ ಚೀಟಿ ಕಡ್ಡಾಯ ಮಾಡಿದರು.

ನಮ್ಮ ದೇಶದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ವ್ಯಾಪಾರಿಯಾಗಿ ನನಗೆ ಇದರಲ್ಲಿ ಹೆಚ್ಚು ಭಯ ಹುಟ್ಟಿಸಿದ್ದು ತೂಕದ ಲೆಕ್ಕ. 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾದಕ ವಸ್ತು ಬೇರೆ ಯಾವುದರ ಜೊತೆ ಬೆರೆತಿದ್ದರೂ ಇಡೀ ಮಿಶ್ರಣದ ತೂಕವನ್ನೇ ಹಿಡಿಯಬೇಕು ಎಂದಿತು. ತಲಾ 5 ಗ್ರಾಂನ ಹತ್ತು ಮಿಠಾಯಿ, ಒಂದೊಂದರಲ್ಲಿ 10 ಮಿಲಿಗ್ರಾಂ ಟಿಎಚ್‌ಸಿ ಅಂತ ಇಟ್ಟುಕೊಳ್ಳಿ. ನಶೆಯ ಅಂಶ ಒಂದು ಗ್ರಾಂನ ಹತ್ತನೇ ಒಂದು ಭಾಗ, ಕಾನೂನಿನ ತಕ್ಕಡಿಯಲ್ಲಿ 50 ಗ್ರಾಂ. ಚರಸ್ ಲೆಕ್ಕದಲ್ಲಿ ಹಿಡಿದರೆ 100 ಗ್ರಾಂವರೆಗೆ ಸಣ್ಣ ಪ್ರಮಾಣ. ಅದಕ್ಕೂ ಒಂದು ವರ್ಷದವರೆಗೆ ಜೈಲು ಆಗಬಹುದು. ಒಂದು ಕಿಲೋ ವಾಣಿಜ್ಯ ಪ್ರಮಾಣ; ಅದಕ್ಕೆ ಕನಿಷ್ಠ 10 ವರ್ಷ, ಜಾಮೀನು ಸಿಗುವುದೇ ಕಷ್ಟ. ಒಂದು ಕಿಲೋ ಚಾಕಲೇಟ್ ನಮ್ಮ ಗಲ್ಫ್ ಪೆಟ್ಟಿಗೆಯಲ್ಲಿ ಎಷ್ಟು ಸಣ್ಣ ವಿಷಯ, ಯೋಚಿಸಿ.

ಗಲ್ಫ್‌ಗೆ ಹೋಗುವವರು ಇನ್ನೂ ಎಚ್ಚರ ಇರಬೇಕು. ಟಿಎಚ್‌ಸಿ ಇರುವ ತಿನಿಸನ್ನು ಮೊದಲ ಸಲ ತಂದ ಪ್ರಯಾಣಿಕರಿಗೆ ಯುಎಇ 2022ರಿಂದ ಸ್ವಲ್ಪ ಸಡಿಲಿಕೆ ಕೊಟ್ಟಿದೆ, ವಸ್ತುವನ್ನು ಕಿತ್ತುಕೊಂಡು ನಾಶ ಮಾಡುತ್ತದೆ. ಅದನ್ನು ಪರ್ಮಿಟ್ ಅಂತ ತಿಳಿಯಬೇಡಿ. ಸೌದಿಯಲ್ಲಿ ಮಾದಕ ವಸ್ತು ಕಳ್ಳಸಾಗಣೆಗೆ ಮರಣದಂಡನೆಯೇ ಇದೆ. 2019ರಲ್ಲಿ ಮುಂಬೈಯ ದಂಪತಿ ದೋಹಾ ಏರ್‌ಪೋರ್ಟ್‌ನಲ್ಲಿ ಸಿಕ್ಕಿಬಿದ್ದದ್ದು ಸಂಬಂಧಿಕರೊಬ್ಬರು ಕೊಟ್ಟ ಪೊಟ್ಟಣದಿಂದ. ಒಳಗೆ ಹಶೀಶ್ ಇತ್ತು, ಅವರಿಗೆ ಗೊತ್ತಿರಲಿಲ್ಲ. ಹೆಂಡತಿ ಗರ್ಭಿಣಿ, ಹೆರಿಗೆ ಜೈಲಲ್ಲೇ ಆಯಿತು. ನಿರಪರಾಧಿಗಳೆಂದು ಬಿಡುಗಡೆಯಾಗಿ ಊರಿಗೆ ಬಂದದ್ದು 2021ರಲ್ಲಿ. “ಇದೊಂದು ಪೊಟ್ಟಣ ಅವನಿಗೆ ಕೊಟ್ಟುಬಿಡು ಮಾರೆ” ಎಂಬ ಮಾತು ಕೇಳದೆ ಗಲ್ಫ್‌ಗೆ ಹೋದವರು ನಮ್ಮಲ್ಲಿ ಯಾರಿದ್ದಾರೆ?

ಒಂದು ಗೊಂದಲ ಬೇಡ. ಅಂಗಡಿಗಳಲ್ಲಿ ಬರುವ ಹೆಂಪ್ ಬೀಜ, ಅದರ ಎಣ್ಣೆ ಬೇರೆ. ಬೀಜದಲ್ಲಿ ಟಿಎಚ್‌ಸಿ ಕಿಲೋಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ 10 ಮಿಲಿಗ್ರಾಂ ಮೀರದಂತೆ ಷರತ್ತು ಹಾಕಿ 2021ರಲ್ಲಿ ಎಫ್‌ಎಸ್‌ಎಸ್‌ಎಐ ಅನುಮತಿಸಿದೆ. ಅದನ್ನು ತೋರಿಸಿ “ಇದೂ ಅದೇ” ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ.

ಈಗಾಗಲೇ ಚಟಕ್ಕೆ ಬಿದ್ದವರಿಗೂ ದಾರಿ ಉಂಟು. ಸಣ್ಣ ಪ್ರಮಾಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದೆ ಬಂದರೆ, ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಅವನಿಗೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ, ಚಿಕಿತ್ಸೆ ಪೂರ್ತಿ ಮಾಡಬೇಕು ಅಷ್ಟೇ. ರಾಷ್ಟ್ರೀಯ ಸಹಾಯವಾಣಿ 14446. ಕೇರಳ ಅಬಕಾರಿ ಇಲಾಖೆಯ ‘ವಿಮುಕ್ತಿ’ ಯೋಜನೆಯೂ ಇದೆ. ಮಗ ತಪ್ಪಿದ ಅಂತ ಗೊತ್ತಾದಾಗ ಮನೆಮಂದಿ ಮಾನಕ್ಕೆ ಹೆದರಿ ಮುಚ್ಚಿಡುವುದೇ ನಮ್ಮಲ್ಲಿ ಹೆಚ್ಚು. ಮುಚ್ಚಿಟ್ಟಷ್ಟೂ ಕಾನೂನು ಕೊಟ್ಟ ಈ ಬಾಗಿಲು ದೂರವಾಗುತ್ತದೆ. ಜಮಾಅತ್‌ಗಳು ವರ್ಷಕ್ಕೊಂದು ಭಾಷಣಕ್ಕೆ ನಿಲ್ಲಿಸದೆ, ಇಂಥ ಮನೆಯವರ ಜೊತೆ ಆಸ್ಪತ್ರೆಗೆ ಹೋಗುವ ನಾಲ್ಕು ಜನರನ್ನು ತಯಾರು ಮಾಡಲಿ.

ಹುಡುಗನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. “ಆ ಪ್ಯಾಕೆಟ್ ತಂದು ನಿನ್ನ ಉಮ್ಮನ ಎದುರು ತಿನ್ನುವೆಯಾ?” ಎಂದು ಕೇಳಿದೆ. ಮಾತಾಡಲಿಲ್ಲ. ಗೆಳೆಯನಿಗೆ ‘ಬೇಡ’ ಅಂತ ಮೆಸೇಜ್ ಹಾಕಿದ್ದನ್ನು ತೋರಿಸಿ, ಅರ್ಧ ಕಿಲೋ ಖರ್ಜೂರ ತೆಗೆದುಕೊಂಡು ಹೋದ.