ಹಳೆಯ ಪರಿಚಯದವರು

ಗಂಡ ತೀರಿಹೋದವಳು ಮರುಮದುವೆಯಾದಳೆಂದರೆ ನಮ್ಮಲ್ಲಿ ಮೊದಲು ಬರುವ ಮಾತು, 'ಯಾರೋ ಪುಣ್ಯಾತ್ಮ ಬಾಳು ಕೊಟ್ಟ.' ಆ ಪುಣ್ಯಾತ್ಮ ಅವಳ ಕಾಲೇಜು ದಿನಗಳ ಗೆಳೆಯನೆಂದು ತಿಳಿಯಲಿ, ಅವನ ಪುಣ್ಯ ಅಲ್ಲಿಗೇ ಕರಗುತ್ತದೆ. 'ಹಾಗಾದ್ರೆ ಮೊದಲಿಂದ್ಲೂ ಇತ್ತು ಅನ್ನಿ!'

ಗುರುತಿಲ್ಲದವನನ್ನು ಒಪ್ಪುವ ನಾವು ಗುರುತಿನವನಿಗೆ ಯಾಕೆ ಬೆಚ್ಚುತ್ತೇವೆ? ಗುರುತಿಲ್ಲದವನಾದರೆ ಅದನ್ನು ಆಸರೆ ಎನ್ನಬಹುದು: ಮಕ್ಕಳಿಗೊಬ್ಬ ಅಪ್ಪ, ಮನೆಗೊಂದು ಗಂಡುದಿಕ್ಕು. ಹಳೆಯ ಪರಿಚಯದವನಾದರೆ ಆ ನೆಪ ನಿಲ್ಲದು, ಅದು ಆಸೆ. ಆಗ ಜನ ಸತ್ತವನ ಸಂಸಾರದ ಲೆಕ್ಕವನ್ನೂ ತೆಗೆಯುತ್ತಾರೆ. ಇಪ್ಪತ್ತು ವರ್ಷ ಅವಳು ಬಡಿಸಿದ ಊಟ, ಆಸ್ಪತ್ರೆಯಲ್ಲಿ ನಿದ್ದೆಗೆಟ್ಟ ರಾತ್ರಿಗಳು, ಎಲ್ಲ ನಾಟಕವಾಗಿಬಿಡುತ್ತವೆ. ನನಗೆ ಇದಕ್ಕಿಂತ ಕ್ರೂರವಾದ ಲೆಕ್ಕ ಗೊತ್ತಿಲ್ಲ. ಒಬ್ಬನೊಡನೆ ನಿಜವಾಗಿ ಬಾಳಿದವಳಿಗೆ ಇನ್ನೊಬ್ಬನ ನೆನಪು ಇರಬಾರದೆಂದು ಯಾವ ಮನಸ್ಸಿನ ನಿಯಮವೂ ಇಲ್ಲ.

ಕಾನೂನಿನ ಲೆಕ್ಕವೂ ಮೃದುವಾಗಿರಲಿಲ್ಲ. 1856ರ ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆ ಬಾಗಿಲನ್ನೇನೋ ತೆರೆಯಿತು. ಆದರೆ ಅದರ ಎರಡನೇ ಕಲಮಿನಂತೆ, ಮರುಮದುವೆಯಾದವಳಿಗೆ ಗಂಡನ ಆಸ್ತಿಯಲ್ಲಿನ ಹಕ್ಕು ಹೋಗುತ್ತಿತ್ತು. ಆಸ್ತಿಯ ಮಟ್ಟಿಗೆ ಅವಳು ಆಗಲೇ ಸತ್ತವಳು. ಅನಂತಮೂರ್ತಿಯವರ 'ಘಟಶ್ರಾದ್ಧ' ಕತೆಯ ಅಪ್ಪ ಬದುಕಿರುವ ಮಗಳ ಶ್ರಾದ್ಧ ಮಾಡುವುದಕ್ಕೂ ಇದಕ್ಕೂ ತುಂಬ ದೂರವಿಲ್ಲ. ಕಾಯ್ದೆಗೆ ಮೊದಲೇ ನಮ್ಮ ಅನೇಕ ಸಮುದಾಯಗಳಲ್ಲಿ ಉಡಿಕೆ ಎಂಬ ಮರುಮದುವೆಯ ಪದ್ಧತಿ ಇತ್ತು, ನಿಜ. ಅಲ್ಲೂ ಉಡಿಕೆಯಾದವಳನ್ನು ಶುಭಕಾರ್ಯದಲ್ಲಿ ಒಂದು ಹೆಜ್ಜೆ ಹಿಂದೆಯೇ ನಿಲ್ಲಿಸುತ್ತಿದ್ದರು. 1956ರ ಉತ್ತರಾಧಿಕಾರ ಕಾಯ್ದೆ ಬಂದಮೇಲೆ ಕೈಗೆ ಬಂದ ಆಸ್ತಿ ಅವಳದೇ ಆಯಿತು. ವಿಧವಾ ವೇತನ ಮಾತ್ರ ಮರುಮದುವೆಯಾದರೆ ಇಂದಿಗೂ ನಿಲ್ಲುತ್ತದೆ.

ಹಾಗೆಂದು ಹಳೆಯ ಗೆಳೆಯನಿಗೆ ಆರತಿ ಎತ್ತಿ ಎನ್ನುತ್ತಿಲ್ಲ. ನೆನಪಿನಲ್ಲಿ ಅವನಿಗೆ ಬೊಜ್ಜಿಲ್ಲ, ಸಾಲವಿಲ್ಲ, ಸಿಡುಕಿಲ್ಲ. ಅಕ್ಕಿ ತೀರಿತೆಂಬ ಮಾತು ಅವನೆದುರು ಒಮ್ಮೆಯೂ ಬಂದಿಲ್ಲ. ಬದುಕಿ ಸತ್ತ ಗಂಡ ಈ ಸ್ಪರ್ಧೆಯಲ್ಲಿ ಸೋಲುವವನೇ. ಅವಳಿಗೆ ಬೇಕಿರುವುದು ಅವನೋ, ಅವನೆದುರು ಹತ್ತೊಂಬತ್ತರ ಹುಡುಗಿಯಾಗಿದ್ದ ತಾನೋ? ಎರಡನೆಯದೇ ಆದರೂ ನನಗದು ಸಣ್ಣ ಆಸೆಯಾಗಿ ಕಾಣುವುದಿಲ್ಲ. ಹೆಂಡತಿ, ತಾಯಿ, ಸೊಸೆ ಎನಿಸಿಕೊಳ್ಳುವ ಮೊದಲಿನ ಅವಳನ್ನು ಕಂಡವರು ಇನ್ನೆಷ್ಟು ಜನ ಉಳಿದಿದ್ದಾರೆ?

ಅವಳಿಗೆ ಬೇಕಿರುವುದು ಯಾವುದೆಂದು ತಿಳಿಯಬೇಕಾದರೆ ಇಬ್ಬರೂ ನಾಲ್ಕು ಸಲವಾದರೂ ಎದುರುಬದುರು ಕೂತು ಕಾಫಿ ಕುಡಿಯಬೇಕು. ನಮ್ಮ ಊರುಗಳಲ್ಲಿ ಎರಡನೇ ಕಾಫಿ ಆರುವುದರೊಳಗೆ ಬೆಂಗಳೂರಿನ ಮಗನಿಗೆ ಫೋನ್ ಹೋಗಿರುತ್ತದೆ.